ಯಗಚಿಯ ಈಚೆ ದಡ

ಅರಸೀಕೆರೆಯ ನಮ್ಮ ಮನೆಯ ಮಹಡಿಯ ಮೇಲೆ, ನೀರಿನ ಟ್ಯಾಂಕಿನ ನೆರಳಿನಲ್ಲಿ, ಒಂದು ಹರಿಗೋಲು ಬೋರಲಾಗಿ ಬಿದ್ದಿದೆ. ನಮ್ಮ ಬೀದಿಯ ಹಲವರಿಗೆ ಅದು ಹಾಸ್ಯದ ವಸ್ತು. ಅದರ ಬೆನ್ನ ಮೇಲೆ ಸಂಡಿಗೆ ಒಣಗಿಸಬಹುದೆಂದು ಎದುರುಮನೆಯಾಕೆ ಒಮ್ಮೆ ಸಲಹೆ ಕೊಟ್ಟರು; ಹಿಂದಿನ ಬೀದಿಯ ನಿವೃತ್ತ ರೈಲ್ವೆ ನೌಕರರು ಪ್ರಳಯ ಯಾವಾಗ ಎಂದು ವಿಚಾರಿಸಿದರು. ಎರಡು ಮಾತುಗಳನ್ನೂ ನಾನು ಮರೆತಿಲ್ಲ. ಮರೆಯದಿರುವುದು ನನ್ನ ದೊಡ್ಡ ಕೊರತೆಯೆಂದು ಹೇಳುವವರಿದ್ದಾರೆ. ಅವರಲ್ಲಿ ಹೆಚ್ಚಿನವರು, ನಾನು ಮರೆತರೆ ತಮಗೆ ಅನುಕೂಲವಾಗುವಂಥ ಮಾತನ್ನು ಆಡಿದವರೇ.

ಆ ಹರಿಗೋಲನ್ನು ಇಬ್ಬರಿಗೆಂದು ಮಾಡಿಸಿದ್ದು. ಇನ್ನೊಬ್ಬಳು ಹಳೇಬೀಡಿನ ನನ್ನ ಗೆಳತಿ. ಜಾವಗಲ್ಲಿನ ಶಾಲೆಯೊಂದರಲ್ಲಿ ನಾನು ಭೂಗೋಳ ಕಲಿಸುತ್ತಿದ್ದೆ, ಅವಳು ಗಣಿತ. ನಾನು ಅರಸೀಕೆರೆಯ ಬಸ್ಸಿನಲ್ಲಿ ಬರುತ್ತಿದ್ದೆ, ಅವಳು ಹಳೇಬೀಡಿನ ಬಸ್ಸಿನಲ್ಲಿ. ಸೇವೆಯ ವರ್ಷಗಳನ್ನೆಲ್ಲ ಹೀಗೆ ಎರಡು ದಿಕ್ಕಿನಿಂದ ಬಂದು, ಒಂದೇ ಬೆಂಚಿನ ಮೇಲೆ ಬುತ್ತಿ ಬಿಚ್ಚಿ ಕಳೆದೆವು. ಅವಳದು ಬಸದಿಗಳ ಬಳಿಯ ಜಮೀನುದಾರ ಜೈನ ಮನೆತನ. ಮದುವೆಯಾಗಲಿಲ್ಲ, ತಮ್ಮನ ಸಂಸಾರದೊಂದಿಗೆ ಹುಟ್ಟಿದ ಮನೆಯಲ್ಲೇ ಇದ್ದಳು. ನಮ್ಮ ಮನೆಯ ಗೋಡೆಯಲ್ಲಿರುವುದು ಬುದ್ಧನ ಪಟ. ನಮ್ಮ ಅಜ್ಜಿ ತನ್ನೂರಿನ ಕೆರೆಯ ಮೆಟ್ಟಿಲು ಇಳಿಯುವಂತಿರಲಿಲ್ಲ. ಮೇಲುಜಾತಿಯವರು ಯಾರಾದರೂ ಬಂದು ಕೊಡಕ್ಕೆ ನೀರು ಹುಯ್ಯುವ ತನಕ ದೂರ ನಿಂತಿರಬೇಕಿತ್ತು. ಇದನ್ನು ಗೆಳತಿಗೆ ಹೇಳಿದ ದಿನ ಅವಳು ಊಟ ಮುಂದುವರಿಸಲಿಲ್ಲ.

ಜಾವಗಲ್ಲಿನ ಕೆರೆ ತುಂಬಿದ್ದ ಒಂದು ವರ್ಷ, ನಿವೃತ್ತಿ ಹತ್ತಿರವಿದ್ದಾಗ, ಏರಿಯ ಮೇಲೆ ನಡೆಯುತ್ತ ಅವಳು ಕೇಳಿದಳು:

"ನಿಮ್ಮೂರ ಕೆರೆಯಿಂದ ನಮ್ಮೂರ ಕೆರೆಗೆ ದೋಣೀಲಿ ಹೋಗೋಕಾಗುತ್ತೇನೇ?"

"ಭೂಗೋಳ ಓದಿದವಳನ್ನ ಕೇಳೋ ಪ್ರಶ್ನೇನಾ ಇದು? ನಡುವೆ ನೆಲ ಇದೆ."

"ನೆಲ ಬಂದಾಗ ದೋಣೀನ ನಾವು ಹೊತ್ಕೊಳ್ಳೋಣ. ನೀರು ಬಂದಾಗ ಅದು ನಮ್ಮನ್ನ ಹೊತ್ಕೊಳ್ಳಲಿ. ಲೆಕ್ಕ ಸರಿಹೋಯ್ತಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ. ಹಳೇಬೀಡಿನ ಕೆರೆಯಲ್ಲಿ ಪ್ರಯಾಣ ನಿಲ್ಲುವುದೂ ಅವಳಿಗೆ ಬೇಕಿರಲಿಲ್ಲ. ಅಲ್ಲಿಂದ ಬೇಲೂರಿಗೆ ಹೋಗಿ ಯಗಚಿಗೆ ಇಳಿಯಬೇಕು. ಅವಳ ತಾಯಿ ಮದುವಣಗಿತ್ತಿಯಾಗಿ ಯಗಚಿಯನ್ನು ಹರಿಗೋಲಿನಲ್ಲಿ ದಾಟಿ ಬಂದವರಂತೆ. ನಡುಹೊಳೆಯಲ್ಲಿ ಹರಿಗೋಲು ತಿರುಗಿದಾಗ ತವರಿನ ದಡ ಯಾವುದು, ಗಂಡನ ಮನೆಯ ದಡ ಯಾವುದು ಎಂದು ತಿಳಿಯದೆ ಹೋಯಿತೆಂದು ಸಾಯುವತನಕ ಹೇಳುತ್ತಿದ್ದರಂತೆ. "ಒಂದೇ ಒಂದು ಸಲ ಅಲ್ಲಿ ಕೂತು ಹಂಗೆ ತಿರುಗಬೇಕು ಕಣೇ," ಎಂದಳು. ಆ ಮೊದಲಾಗಲಿ ಆಮೇಲಾಗಲಿ, ಅವಳು ತನಗಾಗಿ ಏನನ್ನಾದರೂ ಬೇಡಿದ್ದನ್ನು ನಾನು ಕೇಳಿಲ್ಲ.

ನಿವೃತ್ತಿಯ ನಂತರ ನಾವು ಯೋಜನೆಗೆ ಕುಳಿತೆವು. ನಕ್ಷೆಯ ಮೇಲೆ ಕೆರೆಯಿಂದ ಕೆರೆಗೆ ದಾರಿ ಹುಡುಕಿದೆ. ಕೋಡಿ ಹಳ್ಳದ ಗುಂಟ ನಡೆದರೆ ಹೆಚ್ಚು ಏರಿಳಿತವಿಲ್ಲ. ಕಷ್ಟವಿದ್ದದ್ದು ಜಾವಗಲ್ಲಿಗೂ ಹಳೇಬೀಡಿಗೂ ನಡುವಣ ದಿಬ್ಬದಲ್ಲಿ. ಅದರ ಮೇಲೆ ಬಿದ್ದ ಮಳೆ ಎರಡು ಭಾಗವಾಗಿ ಬೇರೆ ಬೇರೆ ನದಿಗಳ ಪಾಲಾಗುತ್ತದೆ. ಅಲ್ಲಿ ಹರಿಗೋಲನ್ನು ತಲೆಯ ಮೇಲೆ ಹೊರಲೇಬೇಕು, ಬೇರೆ ದಾರಿಯಿಲ್ಲ. ಹಳೇಬೀಡಿನಿಂದ ಮುಂದೆ, ಯಗಚಿಯ ನೀರನ್ನು ಹೊಯ್ಸಳರ ಕಾಲದಲ್ಲಿ ಅಲ್ಲಿನ ಕೆರೆಗೆ ತಂದಿತ್ತೆನ್ನುವ ಕಾಲುವೆಯ ಜಾಡನ್ನು ಹಿಡಿಯುವುದು. ಕೊನೆಗೆ ಬೇಲೂರಿನಾಚೆ, ಹಿನ್ನೀರಿನ ಈಚೆ ದಡದಲ್ಲಿ ಒಂದು ಹುಣಸೆ ಮರ. ನಾವಿಬ್ಬರೂ ಬಸ್ಸಿನಲ್ಲಿ ಹೋಗಿ ನೋಡಿ ಗೊತ್ತುಮಾಡಿದ್ದು. ಅದರ ಬುಡದಿಂದ ಹರಿಗೋಲನ್ನು ಯಗಚಿಗೆ ಬಿಡುವುದೆಂದು ತೀರ್ಮಾನವಾಯಿತು.

ದಾರಿಯ ಚಿಂತೆ ನನ್ನದು, ಆಚಾರದ ಚಿಂತೆ ಅವಳದು. ಹೊತ್ತು ಮುಳುಗುವ ಮುನ್ನ ದಡ ಸೇರಿ ಉಂಡಿರಬೇಕು. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಬೇಕು. ಸೋಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ಅದೇ ಕೆರೆಗೆ ಜಾಲಿಸಿ ಬಿಡಬೇಕು. ಒಂದು ಕೆರೆಯ ಜೀವವನ್ನು ಇನ್ನೊಂದು ಕೆರೆಗೆ ಸುರಿದರೆ ಅದು ಸಾಯುತ್ತದೆ, ಆ ಸಾವು ನಮ್ಮ ಲೆಕ್ಕಕ್ಕೆ.

"ಹಂಗಾದ್ರೆ ಹರಿಗೋಲಿನ ತಳ?" ಎಂದೆ. "ಒದ್ದೆಯಾಗೇ ಇರುತ್ತಲ್ಲ."

ಅವಳು ಗಾಬರಿಯಾದಳು. ಇದು ಅವಳಿಗೆ ಹೊಳೆದಿರಲಿಲ್ಲ. ಆಮೇಲೆ ಪ್ರತಿ ಕೆರೆ ಬಿಡುವ ಮುನ್ನ ಹರಿಗೋಲಿನ ತಳವನ್ನು ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಅಲ್ಲಿಯೇ ಜಾಲಿಸುವುದೆಂಬ ನಿಯಮ ಮಾಡಿದಳು. ಬಹಳ ಸಂತೋಷದಿಂದ ಮಾಡಿದಳು.

ಬಿದಿರಿನ ಸಣ್ಣ ಹರಿಗೋಲು ಸಿದ್ಧವಾದ ಮೇಲೆ ಅರಸೀಕೆರೆಯ ಕೆರೆ ಏರಿಯ ಮೇಲೆ ಹೊತ್ತು ನಡೆಯುವ ಅಭ್ಯಾಸಕ್ಕೆ ತೊಡಗಿದೆವು. ಬೋರಲಾದ ಹರಿಗೋಲಿನ ಕೆಳಗೆ ನಮ್ಮಿಬ್ಬರ ಕಾಲು ಮಾತ್ರ ಕಾಣುತ್ತಿದ್ದವಂತೆ. ಎಮ್ಮೆ ಮೇಯಿಸುತ್ತಿದ್ದವನೊಬ್ಬ ಕೂಗಿದ:

"ಏನ್ರಮ್ಮೋ, ಮಳೆ ಬತ್ತೈತಾ? ಇಂತಾ ಕೊಡೆ ಎಲ್ಲಿ ಸಿಕ್ತು?"

ಅವನ ಜೊತೆಗಾರ, "ಸುಮ್ಕಿರ್ಲಾ, ಆಮೆ ಕಣ್ಲಾ ಅದು. ನಾಕ್ ಕಾಲೈತೆ ನೋಡು," ಎಂದ.

ಒಳಗೆ ಕತ್ತಲಲ್ಲಿ ಗೆಳತಿ ನಗುವುದಕ್ಕೆ ಶುರುಮಾಡಿದಳು. ಹರಿಗೋಲು ಅಲುಗಾಡಿ, ಇಬ್ಬರೂ ಕೂತುಬಿಟ್ಟೆವು. ಆ ಇಬ್ಬರ ಮೇಲೆ ಮಾತ್ರ ನನಗೆ ಸಿಟ್ಟಿಲ್ಲ. ಅವಳನ್ನು ಹಾಗೆ ನಗಿಸಿದವರು ಅವರು.

ಅವಳ ತಮ್ಮನದು ಬೇರೆ ಮಾತು. ಯೋಜನೆಯ ಸುದ್ದಿ ತಲುಪಿದ ಮೇಲೆ ಒಂದು ಭಾನುವಾರ ನಾನು ಹಳೇಬೀಡಿಗೆ ಹೋಗಿದ್ದೆ. ಪಡಸಾಲೆಯಲ್ಲಿ ನೆಂಟರಿದ್ದರು. ಆತ ಅವರತ್ತ ತಿರುಗಿ, "ಅಕ್ಕನಿಗೆ ಈಗ ದೋಣಿ ಬೇಕಂತೆ. ನಾಳೆ ರೆಕ್ಕೆ ಕೇಳ್ತಾಳೆ," ಎಂದ. ಎಲ್ಲರೂ ನಕ್ಕರು. ಆಮೇಲೆ ನನ್ನತ್ತ, "ನೋಡಿ ಮೇಡಂ, ನೀವು ಮಕ್ಕಳಿಗೆ ಪಾಠ ಹೇಳಿದವರು. ನಮ್ಮನೆ ಹೆಂಗಸರನ್ನ ಹೊಳೆಗೆ ಹಾಕಬೇಡಿ." ಅಷ್ಟರಲ್ಲಿ ಕಾಫಿ ಬಂತು. ನೆಂಟರಿಗೆಲ್ಲ ಸ್ಟೀಲಿನ ಲೋಟ. ನನಗೆ ಕಾಗದದ ಲೋಟ. ಆ ಮನೆಗೆ ಅಷ್ಟು ವರ್ಷ ಹೋಗಿದ್ದೆ. ಗೆಳತಿ ತಾನೇ ಒಳಗಿನಿಂದ ತಂದುಕೊಡುತ್ತಿದ್ದುದರಿಂದ ಈ ಏರ್ಪಾಟು ನನಗೆ ತಿಳಿದಿರಲಿಲ್ಲ. ನಾನು ಕುಡಿಯಲಿಲ್ಲ. ಗೆಳತಿ ಎದ್ದು ಅಡಿಗೆಮನೆಗೆ ಹೋದಳು. ತನಗೂ ಒಂದು ಕಾಗದದ ಲೋಟ ತಂದು, ತನ್ನ ಸ್ಟೀಲಿನ ಲೋಟದ ಕಾಫಿಯನ್ನು ಅದಕ್ಕೆ ಬಗ್ಗಿಸಿಕೊಂಡು, ನನ್ನ ಪಕ್ಕ ಕೂತು ಕುಡಿದಳು. ಅಂದಿನಿಂದ ಆ ಮನೆಯಲ್ಲಿ ನೀರು, ಹಾಲು, ಗಂಜಿ ಎಲ್ಲವನ್ನೂ ಅವಳು ಕಾಗದದ ಲೋಟದಲ್ಲೇ ಕುಡಿದಳು. ಯಾಕೆಂದು ಯಾರಿಗೂ ಹೇಳಲಿಲ್ಲ. ಮನೆಯವರು ಅದನ್ನು ವಯಸ್ಸಿನ ವಿಚಿತ್ರವೆಂದುಕೊಂಡರು.

ಆ ವರ್ಷ ಜೈನ ಮುನಿಗಳೊಬ್ಬರು ಮಳೆಗಾಲದ ಚಾತುರ್ಮಾಸಕ್ಕೆಂದು ಹಳೇಬೀಡಿಗೆ ಬಂದು ನೆಲೆಸಿದ್ದರು. ವಯಸ್ಸಾದ ಗೃಹಸ್ಥರು ಅವರೆದುರು ದಿಗ್ವ್ರತ ತೆಗೆದುಕೊಳ್ಳುವುದುಂಟು: ಹತ್ತು ದಿಕ್ಕುಗಳಿಗೂ ಎಲ್ಲೆ ಹೇಳಿ, ಬದುಕಿರುವ ತನಕ ಅದನ್ನು ಮೀರಿ ಹೋಗುವುದಿಲ್ಲವೆಂಬ ಪ್ರತಿಜ್ಞೆ. ಹೇಳಿದ ಎಲ್ಲೆಯನ್ನು ಮುಂದೆ ಕಿರಿದು ಮಾಡಬಹುದು, ಹಿಗ್ಗಿಸುವಂತಿಲ್ಲ. ಎಲ್ಲೆಯನ್ನು ಮರೆಯುವುದೂ ಅವರಲ್ಲಿ ದೋಷವೇ. ಅಕ್ಕನೂ ತೆಗೆದುಕೊಳ್ಳಲೆಂದು ಅವಳ ತಮ್ಮ ಒತ್ತಾಯಿಸಿದ. ವ್ರತ ಒಳ್ಳೆಯದೇ, ಆದರೆ ಒತ್ತಾಯ ಶುರುವಾದದ್ದು ಹರಿಗೋಲು ಸಿದ್ಧವಾದ ಮೇಲೆ ಎಂಬುದನ್ನು ನಾನು ಗಮನಿಸಿದ್ದೇನೆ.

ಅವಳು ವ್ರತ ತೆಗೆದುಕೊಂಡಳು. ಮಾರನೆಯ ದಿನವೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು, ಮುಖದಲ್ಲಿ ಗೆಲುವಿತ್ತು.

"ಅವನು ಅಂದ್ಕೊಂಡಿದ್ದ, ಮನೆಯಿಂದ ಬಸದಿ ತನಕ ಅಂತ ಹೇಳ್ತೀನಿ ಅಂತ. ನಾನು ಏನು ಹೇಳಿದೆ ಗೊತ್ತಾ? ಮೂಡಲಿಗೆ ಅರಸೀಕೆರೆಯ ಕೆರೆ. ಬಡಗಲಿಗೆ ಜಾವಗಲ್ಲು. ತೆಂಕಲಿಗೆ ಬೇಲೂರಿನ ಬಸ್ ಸ್ಟ್ಯಾಂಡು. ಮೇಲಕ್ಕೆ ಮಾಲೇಕಲ್ಲು ಬೆಟ್ಟದ ತುದಿಯಷ್ಟು, ಕೆಳಕ್ಕೆ ನಮ್ಮ ಬಾವಿಯ ತಳದಷ್ಟು. ಮುನಿಗಳೇ ನಕ್ಕರು ಕಣೇ. ನಮ್ಮ ದಾರಿ ಅಷ್ಟೂ ಒಳಗೇ ಇದೆ!"

"ಪಡುವಲಿಗೆ?"

"ಯಗಚಿಯ ದಡ."

ನಾನು ಅದನ್ನು ಮತ್ತೊಮ್ಮೆ ಹೇಳಿಸಿದೆ. "ದಡ ಅಂದೆಯಾ? ಮೂಡಲಿಗೆ ಕೆರೆ ಅಂದವಳು, ಪಡುವಲಿಗೆ ಹೊಳೆ ಅನ್ನಲಿಲ್ಲವಾ?"

ಕುಡಿಯಲು ನೀರು ಸೋಸುತ್ತಿದ್ದವಳ ಕೈಯಲ್ಲಿ ಬಟ್ಟೆ ಹಾಗೇ ನಿಂತಿತು. "ಹುಣಸೆ ಮರ ಕಣ್ಣೆದುರಿಗೆ ಬಂತು. ದಡ ಅಂದುಬಿಟ್ಟೆ," ಎಂದಳು.

ನಾನು ವಾದಿಸಿದೆ. ಹೊಳೆಗೆ ಎರಡು ದಡ. ಆಚೆ ದಡವೆಂದು ತಿಳಿದರೆ ನೀರೆಲ್ಲ ಎಲ್ಲೆಯ ಒಳಗೇ ಬರುತ್ತದೆ ಎಂದೆ. ಹಿನ್ನೀರಿಗೆ ಸ್ಥಿರವಾದ ದಡವೇ ಇಲ್ಲ, ಅದು ಬೇಸಿಗೆಯಲ್ಲಿ ಒಂದು ಕಡೆ, ಮಳೆಗಾಲದಲ್ಲಿ ಇನ್ನೊಂದು ಕಡೆ ಎಂದೆ. ಮುನಿಗಳನ್ನೇ ಕೇಳೋಣವೆಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಕೇಳಿದವರಿಗೆ ಯಾವ ದಡವಾದ್ರೂ ಆಗಬಹುದು. ಹೇಳಿದವಳಿಗೆ ಗೊತ್ತಲ್ಲ ಯಾವುದು ಅಂತ. ಆ ಮರ, ಅದರ ಬುಡ. ಅಷ್ಟೇ ಕಣೇ."

ಮರದ ತನಕ ಹೋಗೋಣ, ಹರಿಗೋಲನ್ನು ಅಲ್ಲಿಗೆ ಹೊತ್ತು ತಂದು ನೀರನ್ನು ನೋಡಿ ಹಿಂದಿರುಗೋಣ ಎಂದಳು. ಹೊಳೆಯಾಚೆ ಬಿಕ್ಕೋಡಿನಲ್ಲಿದ್ದ ತಂಗಿಯ ಮನೆಗೆ ಇನ್ನು ಹೋಗುವಂತಿಲ್ಲವೆಂಬುದು ಆಮೇಲೆ ನೆನಪಾಗಿ, ಅದಕ್ಕೂ ಒಂದಿಷ್ಟು ಅತ್ತಳು.

ಮುಂದಿನ ವರ್ಷಗಳಲ್ಲಿ ಮಳೆ ಕೈಕೊಟ್ಟಿತು. ಕೆರೆಗಳ ತಳದಲ್ಲಿ ಜಾಲಿ ಬೆಳೆಯಿತು. ಹರಿಗೋಲು ನಮ್ಮ ಮಹಡಿಯ ಮೇಲೆ ಒಣಗಿತು. ಪ್ರತಿ ಮುಂಗಾರಿನಲ್ಲೂ ಅವಳು ಫೋನು ಮಾಡಿ, "ನಿಮ್ಮೂರ ಕೆರೆಗೆ ನೀರು ಬಂತೇನೇ?" ಎಂದು ಕೇಳುವಳು. ಬಂದಿಲ್ಲವೆನ್ನುವೆ. "ನಮ್ಮೂರದ್ದೂ ಇಲ್ಲ," ಎನ್ನುವಳು. ಈ ನಡುವೆ ಅವಳ ಹೃದಯ ಸೋತಿತು. ಪಾದ ಊದಿಕೊಂಡು ಚಪ್ಪಲಿ ಹಿಡಿಯದಾದವು.

ಕೊನೆಗೆ ಎಲ್ಲ ವರ್ಷಗಳ ಮಳೆಯೂ ಒಂದೇ ವರ್ಷದಲ್ಲಿ ಬಂದಂತೆ ಬಂತು. ಅರಸೀಕೆರೆಯ ಕೆರೆ ಕೋಡಿ ಬಿತ್ತು. ಜಾವಗಲ್ಲಿನದು ತುಂಬಿತು, ಹಳೇಬೀಡಿನದು ತುಂಬಿತು. ನಾನು ಮೊದಲು ಬೇಲೂರಿಗೆ ಹೋಗಿ ಹಿನ್ನೀರಿನ ದಾರಿ ಹಿಡಿದೆ. ಹುಣಸೆ ಮರ ನೀರಿನಲ್ಲಿ ನಿಂತಿತ್ತು. ಬುಡ ಕಾಣುತ್ತಿರಲಿಲ್ಲ, ಯಗಚಿ ಅದನ್ನು ದಾಟಿ, ಈಚೆಗೆ ಹುಲ್ಲಿನ ತನಕ ಬಂದಿತ್ತು. ಅವಳು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಎಲ್ಲೆಯ ಒಳಗೇ ಈಗ ಹರಿಗೋಲು ತೇಲುವಷ್ಟು ನೀರಿತ್ತು. ಅವಳ ಯಾವ ಮಾತನ್ನೂ ತಿರುಚಬೇಕಾಗಿರಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ನಾನು ಕೂರಲಾಗದೆ ನಿಂತೇ ಇದ್ದೆ. ಹರಿಗೋಲನ್ನು ಗೂಡ್ಸ್ ಆಟೋದಲ್ಲಿ ತರಿಸುವುದು, ಅವಳನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸುವುದು, ಎಲ್ಲವನ್ನೂ ಗೊತ್ತುಮಾಡಿಕೊಂಡೆ.

ಹಳೇಬೀಡಿನಲ್ಲಿ ಇಳಿದು ಅವಳ ಮನೆಗೆ ಹೋದಾಗ ಅವಳು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಕಾಗದದ ಲೋಟಗಳ ಕಟ್ಟು.

"ಯಗಚಿ ಮರದ ಈಚೆಗೆ ಬಂದಿದೆ," ಎಂದೆ. "ಏಳು, ಹೋಗೋಣ."

ಅವಳ ಕಣ್ಣು ಅರಳಿದ್ದನ್ನು ನೋಡಿದೆ. ಆಮೇಲೆ ಅವಳು ನನ್ನ ಕೈಯನ್ನು ಹಿಡಿದುಕೊಂಡಳು.

"ಇವತ್ತು ಬೆಳಿಗ್ಗೆ ಎಲ್ಲೆ ಕಿರಿದು ಮಾಡ್ಕೊಂಡೆ ಕಣೇ. ಈ ಮನೆಯ ಹೊಸ್ತಿಲು."

ಬೆಳಿಗ್ಗೆ ನಾನು ಮೊದಲು ಹಳೇಬೀಡಿನಲ್ಲಿ ಇಳಿದಿದ್ದರೆ ಎಂದು ಯೋಚಿಸಿದರೂ ಪ್ರಯೋಜನವಿರಲಿಲ್ಲ. ಮರವನ್ನು ನೋಡದೆ ನಾನು ಹೇಳುವುದಾದರೂ ಏನಿತ್ತು?

"ಯಾಕೆ ಅವಸರ ಮಾಡಿದೆ?"

"ಕಾಲು ಏಳ್ತಾ ಇಲ್ಲ. ಹೋಗೋಕಾಗದ ಜಾಗಾನೆಲ್ಲ ನನ್ನದು ಅಂತ ಯಾಕೆ ಇಟ್ಕೊಳ್ಳಲಿ ಅನ್ನಿಸ್ತು." ಆಮೇಲೆ ಸಣ್ಣಗೆ ನಕ್ಕಳು. "ನೀರು ಬಂದೇಬಿಡ್ತಲ್ಲ. ನಾನು ಹೋಗಲಿಲ್ಲ ಅಷ್ಟೇ."

ಅವಳ ತಮ್ಮ ಬಾಗಿಲಲ್ಲಿ ನಿಂತು, "ಅಕ್ಕನಿಗೆ ಆಯಾಸ ಮಾಡಬೇಡಿ ಮೇಡಂ," ಎಂದ. ಅವಳು ಅವನತ್ತ ನೋಡಲಿಲ್ಲ. ದಿಂಬಿನ ಕೆಳಗಿನಿಂದ ನೀರು ಸೋಸುವ ಬಟ್ಟೆ ತೆಗೆದು, ಮಡಿಸಿ, ನನ್ನ ಕೈಗಿಟ್ಟಳು.

"ನೀನು ಹೋಗು. ಮರದ ತನಕ. ಆಚೆ ಬೇಡ, ಅದು ನಾನು ಬಿಟ್ಟಿದ್ದು. ಬರುವಾಗ ತಳ ಒರೆಸೋದು ಮರೀಬೇಡ."

ನೀರು ಇಳಿಯುವ ಮುನ್ನವೇ ಅವಳು ಹೋದಳು. ಶವದ ಮುಂದೆ ಅವಳ ತಮ್ಮ ನನ್ನನ್ನು ಯಾರಿಗೋ, "ಅಕ್ಕನ ಸ್ಕೂಲಲ್ಲಿ ಇದ್ದವರು," ಎಂದು ಪರಿಚಯಿಸಿದ. ಅಷ್ಟೇ ಹೇಳಿದ. ಅದನ್ನೂ ನಾನು ಮರೆತಿಲ್ಲ.

ಆ ವಾರ ಹರಿಗೋಲನ್ನು ಬೇಲೂರಿಗೆ ಸಾಗಿಸಿದೆ. ಹಿನ್ನೀರಿನಲ್ಲಿ ಮೀನು ಹಿಡಿಯುವವನೊಬ್ಬ ಹುಟ್ಟು ಹಾಕಲು ಒಪ್ಪಿದ. ಹುಲ್ಲಿನ ಅಂಚಿನಿಂದ ಹೊರಟು ಮರದ ಬಳಿಗೆ ಬಂದೆವು. ಕೈಚಾಚಿ ಕಾಂಡವನ್ನು ಮುಟ್ಟಿದೆ, ಒದ್ದೆಯಾಗಿ ತಣ್ಣಗಿತ್ತು.

"ಆಚೆ ದಡಕ್ಕೆ ಬಿಡ್ಲಾ ಅಕ್ಕಾ? ಗಾಳಿ ಇಲ್ಲ, ಚೆಂದಾಗೈತೆ."

"ಬೇಡ. ಇಲ್ಲೇ ಒಂದು ಸಲ ತಿರುಗಿಸು."

"ಇಷ್ಟಕ್ಕಾ ಅರಸೀಕೆರೆಯಿಂದ ಹೊತ್ಕಂಡ್ ಬಂದ್ರಿ?"

ತಿರುಗಿಸಿದ. ಮರ ಒಮ್ಮೆ ಬೆನ್ನ ಹಿಂದೆ ಹೋಗಿ ಮತ್ತೆ ಎದುರಿಗೆ ಬಂತು. ದಡ ಯಾವುದೆಂದು ನನಗೆ ತಿಳಿಯದೆ ಹೋಗಲಿಲ್ಲ. ಎರಡೂ ಸ್ಪಷ್ಟವಾಗಿ ಕಾಣುತ್ತಿದ್ದವು. ಎದುರಿನ ಜಾಗ ಖಾಲಿಯಿದ್ದುದರಿಂದ ಹರಿಗೋಲು ನಮ್ಮ ಕಡೆಗೆ ವಾಲುತ್ತಿತ್ತು.

ಹುಲ್ಲಿನ ಮೇಲೆ ಅದನ್ನು ಬೋರಲು ಹಾಕಿಸಿ, ತಳವನ್ನು ಅವಳ ಬಟ್ಟೆಯಿಂದ ಅಂಚಿನಿಂದ ಅಂಚಿಗೆ ಒರೆಸಿದೆ. ಮೊಣಕಾಲುದ್ದ ನೀರಿಗಿಳಿದು ಬಟ್ಟೆಯನ್ನು ಜಾಲಿಸಿದೆ. ಮೀನುಗಾರ ಬೀಡಿ ಹಚ್ಚಿ ನೋಡುತ್ತ ನಿಂತಿದ್ದ. ಅವನೇನಾದರೂ ಕೇಳುತ್ತಾನೆಂದು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವನು ಕೇಳಲಿಲ್ಲ.