ಒಂದೇ ಸಲ ಕೇಳಿದ ಸಾಹೇಬರು

ಕರೆಂಟು ಹೋಗಬಹುದಿತ್ತು. ಕರೆಂಟಿದ್ದೂ ನೆಟ್‌ವರ್ಕ್ ಹೋಗಬಹುದಿತ್ತು. ಎರಡೂ ಇದ್ದು ನನ್ನ ಇಂಗ್ಲಿಷ್ ಹೋಗಬಹುದಿತ್ತು. ಕುಕ್ಕರು ಕೂಗಬಹುದಿತ್ತು. ಅತ್ತೆ ಒದ್ದೆ ಬಟ್ಟೆಯ ಬಕೆಟ್ ಹಿಡಿದು ನನ್ನ ಬೆನ್ನ ಹಿಂದೆ ಹಾದುಹೋಗಿ ಪುಣೆಯವರಿಗೆಲ್ಲ ಕಾಣಬಹುದಿತ್ತು. ಕನ್ನಡಕ ಒಡೆದೀತೆಂದು ಇನ್ನೊಂದನ್ನು ಪಕ್ಕದಲ್ಲಿಟ್ಟುಕೊಂಡಿದ್ದೆ. ಅದು ಹಳೇ ನಂಬರಿನದು, ಹಾಕಿಕೊಂಡರೂ ಏನೂ ಕಾಣುವುದಿಲ್ಲ.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಅಂದರೆ ಏನೇನು ಕೆಡಬಹುದೆಂದು ಚಿಂತಿಸುವುದಕ್ಕೇ ಸಂಬಳ. ಕೆಲವು ವರ್ಷಗಳಿಂದ ಶಿರಸಿಯ ಮನೆಯಲ್ಲೇ ಕೂತು ಚಿಂತಿಸುತ್ತೇನೆ. ಅಂದು ಪುಣೆಯ ಕಚೇರಿಯವರೊಂದಿಗೆ ವಿಡಿಯೊದಲ್ಲಿ ಟೀಮ್ ಲೀಡ್ ಹುದ್ದೆಗೆ ಸಂದರ್ಶನ. ನಾನು ಕೆಲಸ ಕಲಿಸಿದ ಇಬ್ಬರು ಆಗಲೇ ಬೇರೆ ತಂಡಗಳಿಗೆ ಲೀಡ್ ಆಗಿದ್ದರು. ಈ ಸಲ ತಪ್ಪಿದರೆ ನನ್ನ ವಯಸ್ಸಿಗೆ ಮತ್ತೆ ಕರೆಯುವವರಿಲ್ಲ.

ಏನೂ ಕೆಡಲಿಲ್ಲ. ಅತ್ತೆ ಅಡುಗೆಯನ್ನೇ ಮುಂದೂಡಿ, ಒಂದು ತಾಸು ಕೆಮ್ಮು ನುಂಗಿಕೊಂಡು ಒಳಗೆ ಕೂತಿದ್ದರು. ಕೊನೆಗೆ ಪುಣೆಯ ಸಾಹೇಬರು, "ಈ ಹೊಣೆ ನಿಮಗೇ ಕೊಡಬೇಕೆಂದಿದ್ದೇವೆ. ಒಪ್ಪಿಗೆಯೇ?" ಎಂದರು.

"ಅಯ್ಯೋ, ನನಗ್ಯಾಕೆ? ಬೇರೆ ಯಾರಿಗಾದರೂ ಕೊಡಿ," ಎಂದೆ.

ನಮ್ಮ ಕಡೆ ಪಂಕ್ತಿಯಲ್ಲಿ ಹೋಳಿಗೆ ಬಂದರೆ ಮೊದಲು ಎಲೆಗೆ ಕೈ ಅಡ್ಡ ಹಿಡಿಯುವುದು ಮರ್ಯಾದೆ. ಬಡಿಸುವವರು ಬಿಡದೆ ಒತ್ತಾಯ ಮಾಡುವುದೂ ಮರ್ಯಾದೆಯೇ. ಮೂರನೇ ಸಲಕ್ಕೆ ಕೈ ತೆಗೆದು ನಾಲ್ಕು ತಿನ್ನುತ್ತೇವೆ. ಸಾಹೇಬರು ಆ ಪಂಕ್ತಿಯವರಲ್ಲ. "ನಿಮ್ಮ ಇಚ್ಛೆ, ಗೌರವಿಸುತ್ತೇನೆ," ಎಂದರು. ಪರದೆ ಕಪ್ಪಾಯಿತು.

ಅತ್ತೆ ಬಾಗಿಲಿಗೆ ಬಂದರು. "ಎಂತ ಆತೇ? ಕೊಟ್ವಾ?"

"ಕೊಡ್ತಿ ಹೇಳ್ದ, ಅತ್ತೆ. ಆನು ಬೇಡ ಅಂದಿ."

"ಎಷ್ಟ್ ಸಲ ಕೇಳ್ದ?"

"ಒಂದೇ ಸಲ."

"ಎಂತಾ ಮನ್ಷನೇ ಅವ! ಬಡ್ಸಲೇ ಬರ್ತಿಲ್ಲೆ ಅವಂಗೆ." ನನ್ನ ಮುಖ ನೋಡಿದರು. "ನಿಂಗೆ ಬೇಕಿತ್ತಲೇ?"

ಹೌದೆಂದು ತಲೆ ಆಡಿಸಿದೆ. ಕಣ್ಣು ತುಂಬಿತು, ಹಾಳಾದ್ದು.

"ಹಂಗಾರೆ ಫೋನ್ ಮಾಡು. ಹಶಿವಾದವ್ವೇ ಬಾಯ್ಬಿಟ್ಟು ಕೇಳವು. ಮಾಡು, ಆನು ಇಲ್ಲೇ ಇರ್ತಿ."

ಹತ್ತು ನಿಮಿಷ ಏನು ಹೇಳಬೇಕೆಂದು ಚೀಟಿ ಬರೆದೆ. ಸಾಹೇಬರು ಫೋನ್ ಎತ್ತಿದಾಗ ಚೀಟಿಯಲ್ಲಿದ್ದ ಒಂದು ಮಾತೂ ಬಾಯಿಗೆ ಬರಲಿಲ್ಲ. "ಸರ್, ಆ ಕೆಲಸ ನನಗೆ ಬೇಕು," ಎಂದೆ.

"ಒಳ್ಳೆಯದಾಯಿತು, ನಾನಿನ್ನೂ ಬೇರೆ ಯಾರನ್ನೂ ಕೇಳಿರಲಿಲ್ಲ," ಎಂದವರೇ, "ಮೊದಲೇ ಹೇಳಬಹುದಿತ್ತಲ್ಲ?" ಎಂದರು.

ಅತ್ತೆಯ ಕೈ ನನ್ನ ಬೆನ್ನ ಮೇಲಿತ್ತು.