ಮಾರ್ಚ್ ಹನ್ನೊಂದರ ತಿದ್ದುಪಡಿ

೨೦೧೯ರ ಮಾರ್ಚ್ ೧೧, ಸೋಮವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ. ಆಧಾರ: ನನ್ನ ಜಾಲತಾಣದ ತಿದ್ದುಪಡಿ ದಾಖಲೆ, ಇಂದು ಮತ್ತೊಮ್ಮೆ ತೆರೆದು ನೋಡಿದ್ದೇನೆ. ಆ ನಿಮಿಷದಲ್ಲಿ ನಾನು ಒಬ್ಬ ಹೆಣ್ಣುಮಗಳ ಹೆಸರನ್ನು ಅದು ಇರಬೇಕಾದ ಜಾಗದಲ್ಲಿ ಬರೆದೆ. ಬರೆದದ್ದನ್ನು ಆಕೆಗೆ ತೋರಿಸಿದೆ. ಅನಂತರ ಆರೂವರೆ ತಿಂಗಳ ಕಾಲ ಅದು ಬೇರಾರಿಗೂ ಕಾಣದಂತೆ ಉಳಿಸಿದೆ. ಇದನ್ನು ಮರೆವೆಂದು ಕರೆಯಲು ಎಷ್ಟೋ ಸಲ ಯತ್ನಿಸಿದ್ದೇನೆ. ಮರೆವಲ್ಲ, ತಿಳಿದೇ ಉಳಿಸಿದೆ.

ನಿವೃತ್ತನಾದ ಮೇಲೆ ಕುದೂರಿನ ಮನೆಯಲ್ಲಿ ಕುಳಿತು ನಡೆಸುತ್ತಿರುವ ತಾಣ ಇದು. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಸೀಮೆಯ ಶಾಸನಗಳು, ಕಸುಬುಗಳು, ಊರ ಹೆಸರುಗಳು—ಇವುಗಳ ಟಿಪ್ಪಣಿಗಳು ಇದರಲ್ಲಿವೆ. ಬರೆಯುವುದು ನಾನು, ತಾಣದ ಯಂತ್ರಾಂಗವನ್ನು ನೋಡಿಕೊಳ್ಳುವವರು ಬಸ್ ನಿಲ್ದಾಣದ ಪಕ್ಕದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿರುವ ಶೈಲಜಾ. ನಮ್ಮದು ಅಗ್ಗದ ಸರ್ವರ್. ಒಂದು ಪುಟ ತೆರೆದುಕೊಳ್ಳುವುದರೊಳಗೆ ಓದುಗರು ಬೇಸತ್ತು ಹೋಗುತ್ತಿದ್ದರು. ಆಗ ಶೈಲಜಾ ಒಂದು ಪ್ಲಗಿನ್ ಹಾಕುವ ಮಾತೆತ್ತಿದರು.

"ಸಾರ್, ಈಗ ಒಬ್ಬೊಬ್ರು ಬಂದಾಗ್ಲೂ ಒಲೆ ಹಚ್ಚಿ ಮುದ್ದೆ ತೊಳಸ್ದಂಗೆ ಆಗ್ತೈತೆ. ಇದನ್ನ ಹಾಕುದ್ರೆ ಒಂದೇ ಸಲ ಮಾಡಿಟ್ಕಂಡು, ಬಂದೋರ್ಗೆಲ್ಲ ಎತ್ತೆತ್ತಿ ಕೊಡ್ತದೆ."

"ಆರಿದರೆ?"

"ಆರೈತೆ ಅಂತ ನೀವ್ ಹೇಳ್ಬೇಕು. ನಾನು ಹೊಸದು ತೊಳುಸ್ತೀನಿ."

ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಪ್ಲಗಿನ್ ಪ್ರತಿ ಪುಟದ ಒಂದು ಸಿದ್ಧ ಪ್ರತಿಯನ್ನು ಮಾಡಿಡುತ್ತದೆ; ಓದುಗರಿಗೆ ಸಿಗುವುದು ಆ ಪ್ರತಿ. ಮೂಲವನ್ನು ತಿದ್ದಿದರೂ, ಹೊಸ ಪ್ರತಿ ಮಾಡುವವರೆಗೆ ಹಳೆಯದೇ ಹಂಚಿಕೆಯಾಗುತ್ತಿರುತ್ತದೆ. ತಾನೇ ತಾನಾಗಿ ಪ್ರತಿ ಮಾಡಿಕೊಳ್ಳುವ ವ್ಯವಸ್ಥೆಯೂ ಅದರಲ್ಲಿತ್ತು. ಆದರೆ ಸಾವಿರಾರು ಪುಟಗಳ ಭಾರಕ್ಕೆ ಸರ್ವರ್ ನಿಂತುಹೋಗುತ್ತಿದ್ದುದರಿಂದ ಶೈಲಜಾ ಅದನ್ನು ಆಫ್ ಮಾಡಿಟ್ಟರು. ಬದಲಿಗೆ ನಮ್ಮಲ್ಲೊಂದು ರೂಢಿ ಬೆಳೆಯಿತು: ವಾರವಿಡೀ ತಿದ್ದಿದ ಪುಟಗಳ ಪಟ್ಟಿಯನ್ನು ಶನಿವಾರ ಕಾಗದದ ಮೇಲೆ ಬರೆದುಕೊಡುವುದು ನನ್ನ ಕೆಲಸ, ಅವಷ್ಟಕ್ಕೇ ಹೊಸ ಪ್ರತಿ ಮಾಡುವುದು ಅವರ ಕೆಲಸ. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಪಾಸ್‌ವರ್ಡ್ ಹಾಕಿ ಒಳಹೊಕ್ಕ ನನಗೆ ಮಾತ್ರ ತಿದ್ದಿದ ಮೂಲ ಪುಟವೇ ಕಾಣುತ್ತಿತ್ತು. ವಿಳಾಸ ಒಂದೇ, ಪುಟ ಎರಡು.

ತಪ್ಪಿದ್ದ ಪುಟ ಚನ್ನಪಟ್ಟಣದ ಒಂದು ಗಿಲಕಿಯ ಕುರಿತದ್ದು. ಹಾಲೆ ಮರದ ಒಂದೇ ತುಂಡನ್ನು ಲೇತಿಗೆ ಕೊಟ್ಟು, ನಡುವಿನ ಕಾಂಡದ ಸುತ್ತ ಮೂರು ಬಳೆಗಳನ್ನು ಬಿಡಿಯಾಗಿ ಕಡೆದು ತೆಗೆಯುವುದು—ಬೆಸುಗೆಯಿಲ್ಲ, ಅಂಟಿಲ್ಲ. ಅಲ್ಲಾಡಿಸಿದರೆ ಬಳೆಗಳು ತಾವೇ ಕುಣಿಯುತ್ತವೆ. ಇದನ್ನು ಮೊದಲು ಮಾಡಿದವರು ಖಲೀಲ್ ಸಾಬರೆಂದು ಬರೆದಿದ್ದೆ. ಆಧಾರವೇನೆಂದರೆ ಕಾರ್ಖಾನೆಯ ಬಾಗಿಲ ಮೇಲಿನ ಹಲಗೆ! ಅಲ್ಲಿ ಅವರ ಹೆಸರಿತ್ತು. ಅದೇ ಕೋಣೆಯ ಎರಡನೆಯ ಲೇತಿನ ಮುಂದೆ ಕುಳಿತಿದ್ದ, ಅವರ ತೀರಿಹೋದ ತಮ್ಮನ ಹೆಂಡತಿ ನಸೀಮಾ ಬಾನು ಅವರನ್ನು ನಾನು ಏನೂ ಕೇಳಿರಲಿಲ್ಲ. ಒಂದು ಶಾಸನದ ಸಾಲಿಗಾಗಿ ಮೂರು ಊರು ಅಲೆಯುತ್ತಿದ್ದವನು ಎರಡು ಹೆಜ್ಜೆ ಆಚೆಗೆ ತಿರುಗಿ—

ಮಾರ್ಚ್ ಹನ್ನೊಂದರಂದು ಅವರೇ ಬಂದರು. ಚನ್ನಪಟ್ಟಣದಿಂದ ರಾಮನಗರ, ಅಲ್ಲಿಂದ ಮಾಗಡಿ, ಮಾಗಡಿಯಿಂದ ಕುದೂರು: ಮೂರು ಬಸ್ಸು. ಕೈಚೀಲದಿಂದ ಒಂಬತ್ತು ಕೆಟ್ಟ ಗಿಲಕಿಗಳನ್ನು ತೆಗೆದು ಮೇಜಿನ ಮೇಲಿಟ್ಟರು.

"ಒಳ್ಳೇವೆಲ್ಲ ಅಂಗಡಿಗೋದ್ವು. ಕೆಟ್ಟಿದ್ದನ್ನ ಯಾರೂ ಕದಿಯಲ್ಲ ಸಾರ್, ಅದ್ಕೇ ಇವು ನಂದೇ ಅಂತ ಧೈರ್ಯವಾಗಿ ತಂದೆ," ಎಂದು ನಕ್ಕರು.

ಪ್ರತಿಯೊಂದರ ತಳದಲ್ಲೂ ಅವರ ಗಂಡ ಪೆನ್ಸಿಲಿನಿಂದ ತಾರೀಕನ್ನೂ ಹೆಂಡತಿಯ ಹೆಸರನ್ನೂ ಬರೆದಿದ್ದರು. ತಾರೀಕಿನ ಕ್ರಮದಲ್ಲಿ ಜೋಡಿಸಿದೆ. ಮೊದಲನೆಯದರಲ್ಲಿ ಬಳೆ ಸೀಳಿಹೋಗಿತ್ತು. ನಾಲ್ಕನೆಯದರಲ್ಲಿ ಕಾಂಡಕ್ಕೇ ಕಚ್ಚಿಕೊಂಡಿತ್ತು. ಒಂಬತ್ತನೆಯದರಲ್ಲಿ ಎರಡು ಬಳೆ ಬಿಡಿಯಾಗಿ ತಿರುಗುತ್ತಿದ್ದವು, ಮೂರನೆಯದು ಮಾತ್ರ ಬಿರುಕು ಬಿಟ್ಟಿತ್ತು. ನನ್ನ ಶಾಸನಗಳ ಹುಡುಕಾಟದಲ್ಲೂ ಇಷ್ಟು ಸ್ಪಷ್ಟವಾದ ಸಾಕ್ಷ್ಯ ನನಗೆ ಸಿಕ್ಕಿದ್ದೇ ಅಪರೂಪ. ಅವರೆದುರಿಗೇ ಪುಟವನ್ನು ತಿದ್ದಿದೆ. ಪರದೆಯ ಮೇಲೆ ಬೆರಳಿಟ್ಟು, "ನಸೀಮಾ ಬಾನು... ಇದಾ ಸಾರ್?" ಎಂದರು. "ಇದೇ," ಎಂದೆ. ಹೆಣ್ಣುಮಕ್ಕಳಿಗೆ ಕಡೆತ ಕಲಿಸುವ ತರಬೇತಿ ಕೇಂದ್ರವೊಂದರಲ್ಲಿ ಶಿಕ್ಷಕಿಯ ಜಾಗಕ್ಕೆ ಅವರು ಅರ್ಜಿ ಹಾಕಿದ್ದರು. "ಅಲ್ಲೋರು ಮೊದ್ಲು ನೆಟ್ಟಲ್ಲಿ ನೋಡ್ತಾರಂತೆ. ಇನ್ ಭಯ ಇಲ್ಲ." ಹೀಗೆಂದು ಎದ್ದು ಹೋದರು. ಅಂದರೆ ಈ ಪುಟದ ಮೇಲೆ ಏನು ನಿಂತಿದೆಯೆಂಬುದು ನನಗೆ ತಿಳಿದಿತ್ತು. ಅವರ ಬಾಯಿಂದಲೇ ತಿಳಿದಿತ್ತು.

ಮತ್ತೇಕೆ ತಡೆದಿಟ್ಟೆ? ನನ್ನ ನೆನಪಿನ ಪ್ರಕಾರ ಕಾರಣ ಇಷ್ಟು. ಮಾರ್ಚ್ ೨೪, ಭಾನುವಾರ, ರಾಮನಗರದಲ್ಲಿ ನನ್ನದೊಂದು ಉಪನ್ಯಾಸವಿತ್ತು. ಅದರ ಸಾರಾಂಶ ಖಲೀಲ್ ಸಾಬರ ಹೆಸರಿನೊಂದಿಗೆ ಆಗಲೇ ಅಚ್ಚಾಗಿತ್ತು. ಕೆಳಗೆ ಇದೇ ಪುಟದ ವಿಳಾಸವಿತ್ತು. ಯಾರಾದರೂ ಪುಟ ತೆರೆದು ಎರಡನ್ನೂ ಹೋಲಿಸಿದರೆ—ತಾರೀಕು ತಪ್ಪದವನೆಂಬ ನನ್ನ ಹೆಸರು—ಉಪನ್ಯಾಸವೊಂದು ಮುಗಿಯಲಿ ಎಂದುಕೊಂಡೆ. ಮಾರ್ಚ್ ೧೬ರ ಶನಿವಾರ ಪಟ್ಟಿ ಕೊಟ್ಟಾಗ ಶೈಲಜಾ ಕೇಳಿದರು: "ಬೊಂಬೆ ಪುಟ ತಿದ್ದೀರಲ್ಲ ಸಾರ್, ಇದ್ರಲ್ಲಿ ಇಲ್ವಲ್ಲ?"

"ಸದ್ಯಕ್ಕೆ ಹಾಗೇ ಇರಲಿ," ಎಂದೆ.

ಆಯ್ಕೆ ಸಮಿತಿಯವರ ಪತ್ರದ ದಿನಾಂಕ ಮಾರ್ಚ್ ೨೧. ಪತ್ರವನ್ನು ಅನಂತರ ನಾನೇ ಕಂಡಿದ್ದೇನೆ. ಜಾಲತಾಣದ ಮಾಹಿತಿಯಂತೆ ಈ ಕೆಲಸ ಬೇರೊಬ್ಬರದಾದ್ದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ, ಎಂದಿತ್ತು. ನಸೀಮಾ ಅವರು ತಮ್ಮ ಹೆಸರನ್ನು ಕಣ್ಣಾರೆ ಕಂಡಿದ್ದವರು. ಯಾರೋ ನನಗೂ ತಿಳಿಯದಂತೆ ಅಳಿಸಿರಬೇಕೆಂದುಕೊಂಡರು, ಅಳಿಸಿ ಲಾಭ ಪಡೆಯುವವರು ಬಾವನಲ್ಲದೆ ಇನ್ನಾರು? ತಮ್ಮ ಲೇತನ್ನು ಎತ್ತಿಸಿಕೊಂಡು ಅದೇ ಓಣಿಯ ಎದುರು ಸಾಲಿಗೆ ಹೋದರು. ಮಾತು ನಿಂತಿತು.

ಏಪ್ರಿಲ್ ಆರಂಭದಲ್ಲಿ ಖಲೀಲ್ ಸಾಬರು ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಕುಳಿತು, ಕೊಟ್ಟ ನೀರನ್ನೂ ಮುಟ್ಟದೆ, "ಸಾರ್, ನಾನು ಒಂದಕ್ಷರಾನೂ ಮುಟ್ಟಿಲ್ಲ ಅಂತ ಅವಳಿಗೆ ನೀವ್ ಒಂದ್ ಮಾತ್ ಹೇಳ್ಬುಡಿ. ನಂಗೆ ಅಷ್ಟೇ ಸಾಕು," ಎಂದರು.

ನಾನು ಹೇಳಿದ್ದು ಇದು: "ನಾನಂತೂ ಮಾರ್ಚ್ ಹನ್ನೊಂದರಂದೇ ತಿದ್ದಿದ್ದೇನೆ. ಅನಂತರ ಏನಾಯಿತೋ ತಿಳಿಯದು."

ದಾಖಲೆ ನೋಡಿ, ದಿನಾಂಕ ಸರಿಯಾಗಿದೆ. ಒಂದು ಸರಿಯಾದ ದಿನಾಂಕವನ್ನು ಮುಂದಿಟ್ಟು ನಾನು ಒಬ್ಬ ನಿರಪರಾಧಿಯನ್ನು ಕಳ್ಳನನ್ನಾಗಿಸಿದೆ.

ಸೆಪ್ಟೆಂಬರ್ ೨೭ರಂದು ಶೈಲಜಾ ತಾಣವನ್ನು ಹೊಸ ಸರ್ವರಿಗೆ ಸಾಗಿಸಿದರು. ಎಲ್ಲ ಪುಟಗಳಿಗೂ ಹೊಸ ಪ್ರತಿ ಆಯಿತು; ಪಟ್ಟಿಯ ಹಂಗಿಲ್ಲದೆ ಆ ಹೆಸರೂ ಲೋಕಕ್ಕೆ ಕಂಡಿತು. ಕೆಲವು ದಿನಗಳಲ್ಲಿ ನಸೀಮಾ ಅವರ ಫೋನು ಬಂತು. "ನಾಲ್ಕ್ ಜನ ಮಾತಾಡಿದ್ಮೇಲೆ ಬಾವ ಹೆದ್ರಿ ವಾಪಸ್ ಹಾಕ್ಸವ್ರೆ ಸಾರ್. ನೀವ್ ಮಾತ್ರ ಮೊದ್ಲಿಂದ ಸತ್ಯವಾಗಿದ್ರಿ." ನಾನು ಆ ಮಾತನ್ನು ತಡೆಯಲಿಲ್ಲ. ಸ್ವೀಕರಿಸಿದೆ. ಎಷ್ಟು ಹೊತ್ತು ಮಾತನಾಡಿದೆವೋ, ಇನ್ನೇನು ಹೇಳಿದೆನೋ—ಅದಕ್ಕೆ ದಾಖಲೆಯಿಲ್ಲ.

ಹೀಗೆ ಆರು ವರ್ಷ. ಕಳೆದ ವಾರ ಚನ್ನಪಟ್ಟಣಕ್ಕೆ ಹೋದೆ. ನಸೀಮಾ ಅವರು ಲೇತಿನ ಮುಂದಿದ್ದರು. ಬಿಸಿಯಾದ ಅರಗಿನ ವಾಸನೆ ಹೊಸ್ತಿಲವರೆಗೂ ಬರುತ್ತಿತ್ತು. ಎರಡು ಪುಟಗಳ ಕಥೆ, ಶನಿವಾರದ ಪಟ್ಟಿ, ಉಪನ್ಯಾಸ—ಎಲ್ಲವನ್ನೂ ಹೇಳಿದೆ. ಮೋಟಾರು ಆರಿಸಿದರು.

"ಅಂಗಾದ್ರೆ ನಮ್ ಬಾವ ಮುಟ್ಟಿಲ್ಲ?"

"ಇಲ್ಲ."

"ಹಬ್ಬದ್ ದಿನಾನೂ ಅವರ ಸಲಾಮ್ ತಕ್ಕೊಂಡಿಲ್ಲ ಸಾರ್ ನಾನು." ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟರು. ಆಮೇಲೆ, "ನೀವ್ ನನ್ ಹೆಸರು ಬರ್ದಿದ್ದು ಸುಳ್ಳಲ್ಲ. ನಿಮ್ ಕಣ್ಣಿಗೆ ಮಾತ್ರ ಕಾಣಂಗೆ ಬರ್ಕೊಂಡ್ರಿ, ಅಷ್ಟೇಯ," ಎಂದರು. ಇನ್ನೂ ಒಂದು ಮಾತು ಸೇರಿಸಿದರು: "ಮುಂದೆ ಭಾಷಣ ಐತೆ, ಮಾನ ಹೋಯ್ತದೆ ಅಂತ ಹೆದ್ರುದ್ರಿ. ಅದೊಂದ್ ಒಪ್ಕೋತೀನಿ. ಮನುಷ್ರು ಹೆದ್ರುತಾರೆ. ಏಳಿ, ಅವರೆದ್ರಿಗೂ ಇದನ್ನೇ ಹೇಳಿ."

ಓಣಿ ದಾಟಿದೆವು. ಖಲೀಲ್ ಸಾಬರು ಕನ್ನಡಕದ ಮೇಲಿಂದ ನೋಡಿದರು. "ಬಾಮ್ಮ. ಇಪ್ಪತ್ತ್ ಹೆಜ್ಜೆಗೆ ಆರು ವರ್ಸ ತಕ್ಕೊಂಡ್ಯಲ್ಲ, ಬಸ್ ಸಿಗ್ಲಿಲ್ವಾ?" ಆಕೆ ನಗಲು ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಹೇಳಬೇಕಾದದ್ದನ್ನು ಮತ್ತೊಮ್ಮೆ ಹೇಳಿದೆ. ಅವರು ಕೇಳಿಸಿಕೊಂಡರು. "ನಾನ್ ಕೇಳಿದ್ದು ಒಂದೇ ಮಾತು ಸಾರ್," ಎಂದಷ್ಟೇ ಹೇಳಿ ಕೆಲಸಕ್ಕೆ ತಿರುಗಿದರು. ನಸೀಮಾ ಅವರು ಕೇಳಿದ್ದ ಶಿಕ್ಷಕಿಯ ಜಾಗದಲ್ಲಿ ಬೇರೊಬ್ಬರು ಅಂದಿನಿಂದಲೂ ಇದ್ದಾರೆ. ಅದನ್ನು ತಿದ್ದುವ ಗುಂಡಿ ಯಾವ ತಾಣದಲ್ಲೂ ಇಲ್ಲ.

ಈ ನಿವೇದನೆಯನ್ನು ಗಿಲಕಿಯ ಪುಟದಲ್ಲೇ, ಲೇಖನಕ್ಕಿಂತ ಮೇಲೆ ಪ್ರಕಟಿಸುತ್ತೇನೆ. ಪ್ರಕಟಿಸುವ ಮುನ್ನ ಇದರ ದಿನಾಂಕಗಳನ್ನೆಲ್ಲ ಪರಿಶೀಲಿಸಿದೆ. ರಾಮನಗರದ ಸಂಘಟಕರೊಬ್ಬರು ನನ್ನ ಕೋರಿಕೆಯ ಮೇರೆಗೆ ಅಂದಿನ ಆಮಂತ್ರಣ ಪತ್ರಿಕೆಯನ್ನೂ ಸಹಿಯಿರುವ ಹಾಜರಿ ಹಾಳೆಯನ್ನೂ ನಿನ್ನೆ ಕಳಿಸಿಕೊಟ್ಟರು. ಎರಡರಲ್ಲೂ ಉಪನ್ಯಾಸದ ದಿನ ಫೆಬ್ರವರಿ ೨೪. ಆ ವರ್ಷ ಎರಡೂ ತಿಂಗಳ ಇಪ್ಪತ್ನಾಲ್ಕು ಭಾನುವಾರವೇ ಆಗಿದ್ದುದರಿಂದ ನೆನಪು ತಿಂಗಳನ್ನು ಸರಿಸಿಕೊಂಡಿರಬಹುದು. ಏನೇ ಇರಲಿ—ನಸೀಮಾ ಬಾನು ನಮ್ಮ ಮನೆಗೆ ಬಂದ ದಿನ ನನ್ನ ಉಪನ್ಯಾಸ ಮುಗಿದು ಹದಿನೈದು ದಿನಗಳಾಗಿದ್ದವು. ಹೆದರಬೇಕಾದ ಸಭೆ ಮುಂದೆ ಇರಲೇ ಇಲ್ಲ. ಉಪನ್ಯಾಸದ ಕಾರಣ ಹೇಳಿದ ಮೇಲಿನ ಕಂಡಿಕೆಯನ್ನು ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ. ಆದರೆ ನಸೀಮಾ ಅವರು ನನಗಾಗಿ ಒಪ್ಪಿಕೊಂಡದ್ದು ಹೆದರಿದೆನೆಂಬ ಆ ಒಂದೇ ಒಂದು ಮಾತು. ನಾಳೆ ಹೋಗಿ ಅದನ್ನೂ ಹಿಂದಿರುಗಿಸಬೇಕು.