ಚಾ ಆತೇನ್ರಿ ಅಕ್ಕಾರ?

ತುಕ್ಕಾನಟ್ಟಿಯ ಕಾಕೂ ತೀರಿಕೊಂಡದ್ದು ನಾನು ನಾಲ್ಕು ದಿನ ಚಹಾ ಕುಡಿಯದೆ ಫೋನ್ ಎತ್ತಿದ್ದರಿಂದ. ಬೆಳಗಾವಿಯ ಡಾಕ್ಟರು ಬೇರೆ ಕಾರಣ ಬರೆದುಕೊಟ್ಟರು, ಅದು ಅವರ ಕೆಲಸ. ನನ್ನ ಅವ್ವ, ನನ್ನ ಗಂಡ, ಡೇರಿಯ ಧಣಿಗಳು ಎಲ್ಲರೂ ಹಾಗೆಲ್ಲ ಅಂದುಕೊಳ್ಳಬಾರದು ಎಂದು ಸಮಾಧಾನ ಹೇಳಿದರು. ಎಲ್ಲರೆದುರೂ ತಲೆಯಾಡಿಸಿದ್ದೇನೆ. ಆದರೆ ನಡೆದದ್ದು ಏನೆಂದು ನನಗೆ ಗೊತ್ತಿದೆ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಮೊದಲು ನಾನೊಂದು ಸಣ್ಣ ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದೆ. ಅದು ಮುಚ್ಚಿದ ಮೇಲೆ ಗೋಕಾಕದ ಒಂದು ಹಾಲಿನ ಡೇರಿಗೆ ಸೇರಿದೆ. ನಮ್ಮ ಕಡೆ ಕಲಿಸುವ ಹೆಂಗಸನ್ನು ಅಕ್ಕಾರು ಎನ್ನುತ್ತಾರೆ. ಶಾಲೆ ಹೋದರೂ ಆ ಹೆಸರು ಹೋಗಲಿಲ್ಲ, ನನ್ನ ತಂದೆಯ ವಯಸ್ಸಿನವರಿಗೂ ನಾನು ಅಕ್ಕಾರೇ. ನಾನು ಸೇರಿದಾಗ ಹಾಲು ಕೂಡಿಸುವ ಕೇಂದ್ರಗಳು ಹತ್ತೋ ಹನ್ನೆರಡೋ ಇದ್ದವು. ನೋಡನೋಡುತ್ತ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಹಬ್ಬಿ ಅರವತ್ತು ದಾಟಿದವು. ಒಂದೊಂದು ಊರಿಗೆ ಒಬ್ಬ ಮುಖ್ಯಸ್ಥ. ಹುಕ್ಕೇರಿ ಕಡೆಯವರಿಗೆ ಮರಾಠಿ ಸಲೀಸು, ಗೋಕಾಕದ ಕೆಲವರಿಗೆ ಉರ್ದು, ನಾಗನೂರಿನಲ್ಲಿ ಒಕ್ಕಲುತನದವರು, ತುಕ್ಕಾನಟ್ಟಿಯಲ್ಲಿ ಕುರುಬರು, ನಡುನಡುವೆ ನನ್ನಂಥ ಜೈನರು. ಇವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದದ್ದು ತಿಂಗಳಿಗೊಂದು ಶನಿವಾರ ಮಾತ್ರ. ಇವರಿಗೆಲ್ಲ ಮೇಲಿನವಳು ನಾನು, ನನ್ನನ್ನೂ ಅವರನ್ನೂ ಕಟ್ಟಿ ಹಿಡಿದದ್ದು ಒಂದು ಫೋನಿನ ತಂತಿ.

ಆ ಶನಿವಾರಗಳಲ್ಲಿ ನಾನು ಅವರಿಗೆ ಪಾಠ ಮಾಡುತ್ತಿದ್ದೆ. ಧಣಿಗಳು ಒಂದು ವಾರದ ತರಬೇತಿಗೆಂದು ನನ್ನನ್ನು ಪುಣೆಗೆ ಕಳಿಸಿದ್ದರು. ಮುಂದಾಳಾದವನು ಎದುರಿನವರ ಮನಸ್ಸು ಅರಿಯಬೇಕು, ಹೇಳಿದ ಮಾತಿಗಿಂತ ಹೇಳದೆ ಉಳಿದದ್ದಕ್ಕೆ ಕಿವಿಗೊಡಬೇಕು ಎಂದೆಲ್ಲ ಅಲ್ಲಿ ಬರೆದುಕೊಂಡು ಬಂದೆ. ಬಂದವಳೇ ಬೋರ್ಡಿನ ಎಡಗಡೆ ದಪ್ಪ ಅಕ್ಷರದಲ್ಲಿ ‘ಮೊದಲು ಕೇಳಿ, ಆಮೇಲೆ ಹೇಳಿ’ ಎಂದು ಬರೆದೆ. ಬಲಗಡೆ ಫೋನಿನ ನಿಯಮ ಬರೆದೆ: ಊರಿನ ಹೆಸರು, ಲೀಟರು, ಫೋನ್ ಇಡುವುದು. ಎರಡನ್ನೂ ಒಂದೇ ಬೋರ್ಡಿನ ಮೇಲೆ ಬರೆದ ನನಗೆ ಏನೂ ಅನ್ನಿಸಲಿಲ್ಲ. ಶಾಣ್ಯಾಕಿ ಅಂತ ನನ್ನ ಬಗ್ಗೆ ನನಗೇ ಭಾರಿ ಅಭಿಮಾನವಿತ್ತು.

ನಿಯಮಕ್ಕೆ ಕಾರಣವೂ ಇತ್ತು ಅನ್ನಿ. ಬೆಳಿಗ್ಗೆ ಏಳಕ್ಕೆ ಫೋನು ಶುರುವಾದರೆ ಎಂಟೂವರೆಯೊಳಗೆ ಅರವತ್ತು ಊರಿನ ಹಾಲು ಎಷ್ಟೆಂದು ತಿಳಿಯಬೇಕು, ಯಾವ ಗಾಡಿ ಯಾವ ದಾರಿಗೆ ಎಂದು ಹೇಳಬೇಕು. ನಾಗನೂರಿನ ಮುಖ್ಯಸ್ಥ ಲೀಟರ್ ಹೇಳುವ ಮೊದಲು ತಮ್ಮ ಎಮ್ಮೆ ಈದದ್ದು, ಅದರ ಕರು ಯಾರನ್ನು ಹೋಲುತ್ತದೆ ಎನ್ನುವುದರವರೆಗೆ ಹೇಳುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಒಮ್ಮೆ ಲೀಟರ್ ಹೇಳಿದವರು ಮತ್ತೆ ಫೋನ್ ಮಾಡಿದರೆ ಕೂಡ ಹರಿಹಾಯುತ್ತಿದ್ದೆ. ನನ್ನ ಅಪ್ಪಣೆಯಿಲ್ಲದೆ ಯಾರೂ ಒಂದು ಹೊತ್ತೂ ಕೇಂದ್ರ ಮುಚ್ಚುವಂತಿರಲಿಲ್ಲ, ಮುಚ್ಚಿದರೆ ಹಾಲು ಹಾಕುವವರು ಬೇರೆ ಡೇರಿಗೆ ಹೋಗಿಬಿಡುತ್ತಿದ್ದರು. ಕೆಲವೇ ತಿಂಗಳಲ್ಲಿ ಎಲ್ಲರೂ ಕಲಿತರು. ಊರು, ಲೀಟರು, ಟಕ್ ಎಂದು ಫೋನ್ ಇಟ್ಟ ಸದ್ದು.

ಕಲಿಯದವರು ಒಬ್ಬರೇ, ನಾನು ಕಾಕಾ ಎಂದು ಕರೆಯುತ್ತಿದ್ದ ತುಕ್ಕಾನಟ್ಟಿಯ ಮುಖ್ಯಸ್ಥರು. ಐವತ್ತು ದಾಟಿದ ಕುರುಬರ ಮನುಷ್ಯ, ಮೆತ್ತಗಿನ ದನಿ. ನಾನು ಫೋನ್ ಎತ್ತಿದ ಕೂಡಲೇ ‘ಚಾ ಆತೇನ್ರಿ ಅಕ್ಕಾರ?’ ಎನ್ನುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಬೈದುಬಿಡುತ್ತಿದ್ದೆ. ಆದರೆ ಅರವತ್ತು ಜನರಲ್ಲಿ ನನಗೆ ಅತಿ ಹೆಚ್ಚು ಭರವಸೆ ಇದ್ದದ್ದು ಅವರ ಮೇಲೆ. ಹಾಲಿಗೆ ನೀರು ಹಾಕಿದ್ದೀಯ ಎಂದು ಇಬ್ಬರು ಜಗಳಕ್ಕೆ ನಿಂತರೆ ಕಾಕಾ ಜಗಳದ ಮಾತೇ ಎತ್ತುತ್ತಿರಲಿಲ್ಲ. ಇಬ್ಬರನ್ನೂ ಕಟ್ಟೆಯ ಮೇಲೆ ಕೂಡ್ರಿಸಿ ಚಹಾ ಕುಡಿಸಿ ಮನೆ ಮಕ್ಕಳು ಎಂದು ವಿಚಾರಿಸುತ್ತಿದ್ದರು. ಚಹಾದ ಬಸಿ ಕೆಳಗಿಡುವಷ್ಟರಲ್ಲಿ ನೀರು ಹಾಕಿದವನು ತಾನಾಗಿ ಒಪ್ಪಿಕೊಳ್ಳುತ್ತಿದ್ದ. ಇದನ್ನು ನಾನು ಶನಿವಾರದ ಪಾಠದಲ್ಲಿ ಉದಾಹರಣೆ ಕೊಡುತ್ತಿದ್ದೆ. ಮೂಡಲಗಿ ಕಡೆಯ ಎಲ್ಲ ಕೇಂದ್ರಗಳನ್ನೂ ಅವರ ಕೈಗೆ ಕೊಡಬೇಕೆಂದು ಮನಸ್ಸಿನಲ್ಲೇ ಗೊತ್ತುಮಾಡಿದ್ದೆ. ಉದಾಹರಣೆ ಕೊಟ್ಟೆನೇ ಹೊರತು ಆ ಚಹಾ ಏನು ಕೆಲಸ ಮಾಡುತ್ತಿತ್ತು ಎಂದು ನನಗೆ ತಿಳಿದಿರಲಿಲ್ಲ.

ಅವರ ಪ್ರಶ್ನೆಗೆ ನನ್ನ ಉತ್ತರ ಯಾವಾಗಲೂ ಒಂದೇ, ‘ಇಲ್ರಿ ಕಾಕಾ, ಲೀಟರ್ ಹೇಳ್ರಿ.’ ಅದು ಸುಳ್ಳಾಗಿರಲಿಲ್ಲ. ನನ್ನ ತವರು ಬೆಲ್ಲದ ಬಾಗೇವಾಡಿ, ಮನೆಯ ಬಾಜೂಕ್ಕೇ ಬಸದಿ. ಬಸದಿಗೆ ಹೋಗಿ ದರ್ಶನ ಮಾಡದೆ ಬಾಯಿಗೆ ನೀರೂ ಹಾಕಬಾರದು ಎಂಬ ನಿಯಮವನ್ನು ಅವ್ವ ನನಗೆ ಸಣ್ಣವಳಿದ್ದಾಗಲೇ ಹಿಡಿಸಿದ್ದಳು. ಗೋಕಾಕದಲ್ಲಿ ಸ್ನಾನ ಮಾಡಿ ನೇರ ಆಫೀಸಿಗೆ ಬರುತ್ತಿದ್ದೆ, ಫೋನು ಮುಗಿದ ಮೇಲೆ ಬಸದಿ, ಆಮೇಲೆ ಮನೆಗೆ ಹೋಗಿ ಚಹಾ. ಒಂಬತ್ತರ ತನಕ ನನ್ನದು ಹಸಿದ ಹೊಟ್ಟೆ. ಇದನ್ನು ಕಾಕಾಗೆ ಹೇಳಬೇಕೆಂದು ಎಂದೂ ಹೊಳೆಯಲಿಲ್ಲ. ಯಾಕೆ ಕೇಳುತ್ತಾರೆ ಎಂದು ನಾನೂ ಕೇಳಲಿಲ್ಲ.

ಅವರ ಹೆಂಡತಿಯನ್ನು ನಾನು ಕಾಕೂ ಎನ್ನುತ್ತಿದ್ದೆ. ತುಕ್ಕಾನಟ್ಟಿಗೆ ಹೋದಾಗಲೆಲ್ಲ ಅವರ ಮನೆಯಲ್ಲೇ ಊಟ. ನಾನು ಬೆಳ್ಳುಳ್ಳಿ, ಉಳ್ಳಾಗಡ್ಡಿ ತಿನ್ನುವುದಿಲ್ಲ ಎಂದು ಒಮ್ಮೆ ಹೇಳಿದ್ದೆ, ಅಷ್ಟೆ. ಆಮೇಲೆ ನನಗಾಗಿ ಶೇಂಗಾ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ಬೆಳ್ಳುಳ್ಳಿ ಹಾಕದೆ ಬೇರೆ ಕುಟ್ಟಿ, ಬೇರೆ ಡಬ್ಬಿಯಲ್ಲಿ ತೆಗೆದಿಡುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ನಾವು ಜೈನರು ಉಣ್ಣುವುದಿಲ್ಲ. ಸಂಜೆ ಹೊತ್ತು ಇಳಿಯುವುದನ್ನು ನನಗಿಂತ ಮೊದಲು ಅವಳೇ ನೋಡುತ್ತಿದ್ದಳು. ‘ಹೊತ್ತ ಮುಳಗತೈತಿ, ಮೊದಲ ಉಣ್ರಿ, ಆಮ್ಯಾಲ ಮಾತಾಡೂಣು’ ಎಂದು ರೊಟ್ಟಿ ಬಡಿಯಲು ಕೂಡುತ್ತಿದ್ದಳು. ನನ್ನ ತಂಗಿ ಕೂಡ ನನ್ನ ಹೊಟ್ಟೆಯ ಕಾಳಜಿ ಅಷ್ಟು ಮಾಡಿದವಳಲ್ಲ.

ಅದು ಚಳಿಗಾಲ. ಕಾಕಾನ ಇಬ್ಬರು ಗಂಡು ಮಕ್ಕಳು ಕುರಿ ಹೊಡೆದುಕೊಂಡು ಕೃಷ್ಣಾ ಹೊಳೆಯ ಕಡೆ ಹೋಗಿದ್ದರು. ಮನೆಯಲ್ಲಿ ಇದ್ದವರು ಗಂಡ ಹೆಂಡತಿ ಇಬ್ಬರೇ. ಸೋಮವಾರ ಕಾಕಾ ಎಂದಿನಂತೆ ಚಹಾ ಆಯಿತೇ ಎಂದು ಕೇಳಿದರು, ಇಲ್ಲವೆಂದೆ, ಲೀಟರ್ ಹೇಳಿ ಇಟ್ಟರು. ಮಂಗಳವಾರವೂ ಅಷ್ಟೆ. ಬುಧವಾರ ಲೀಟರ್ ಹೇಳಿದ ಮೇಲೂ ಫೋನ್ ಇಡಲಿಲ್ಲ. ಅವರ ಉಸಿರು ಕೇಳಿಸುತ್ತಿತ್ತು. ಮತ್ತೇನ್ರಿ ಎಂದೆ. ‘ಇನ್ನೂ ಚಾ ಕುಡದಿಲ್ಲೇನ್ರಿ ಅಕ್ಕಾರ?’ ಎಂದು ಎರಡನೆಯ ಸಲ ಕೇಳಿದರು. ನನಗೆ ರೇಗಿತು. ಲೈನ್ ಬಿಡಿ, ಹುಕ್ಕೇರಿಯವರು ಕಾಯುತ್ತಿದ್ದಾರೆ ಎಂದು ನಾನೇ ಫೋನ್ ಕುಕ್ಕಿದೆ. ಗುರುವಾರ ಅವರ ದನಿ ಇನ್ನೂ ಸಣ್ಣಗಾಗಿತ್ತು. ನೆಗಡಿ ಇರಬೇಕು ಅಂದುಕೊಂಡೆ.

ಶುಕ್ರವಾರ ಬೇರೆ ಯಾರದೋ ದನಿ ತುಕ್ಕಾನಟ್ಟಿಯ ಲೀಟರ್ ಹೇಳಿತು. ಕಾಕಾ ಎಲ್ಲಿ ಎಂದು ಕೇಳಿದೆ. ಪಕ್ಕದ ಮನೆಯವನಂತೆ. ಕಾಕೂಗೆ ಹೊಟ್ಟೆನೋವು ಹೆಚ್ಚಾಗಿ ನಸುಕಿನಲ್ಲೇ ಬೆಳಗಾವಿಗೆ ಕರೆದುಕೊಂಡು ಹೋದರು ಎಂದ. ಆಗ ನನ್ನ ಬಾಯಿಂದ ಬಂದ ಮೊದಲ ಮಾತನ್ನು ಮುಚ್ಚಿಡಬಾರದು. ನನಗೆ ಒಂದು ಮಾತು ಹೇಳದೆ ಹೆಂಗ ಹೋದರು ಎಂದೆ. ಕಾಕೂ ಹೇಗಿದ್ದಾಳೆ ಎಂದು ಕೇಳಿದ್ದು ಅದಾದ ಮೇಲೆ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ವಿಷವಾಗಿತ್ತಂತೆ. ಎರಡು ದಿನ ಮೊದಲು ತಂದಿದ್ದರೆ ಉಳಿಯುತ್ತಿದ್ದರು ಎಂದು ಡಾಕ್ಟರು ಹೇಳಿದರಂತೆ.

ಮೂರನೆಯ ದಿನ ಮಾತಾಡಿಸಿಕೊಂಡು ಬರಲು ಹೋದೆ. ಮಕ್ಕಳು ಬಂದಿದ್ದರು, ಹೆಗಲ ಮೇಲಿನ ಕಂಬಳಿಯನ್ನೂ ತೆಗೆಯದೆ ಗೋಡೆಗೆ ಒರಗಿ ಕೂತಿದ್ದರು. ಕಾಕಾ ಪಡಸಾಲೆಯ ಕಂಬದ ಬುಡದಲ್ಲಿದ್ದರು. ದಾರಿಯುದ್ದಕ್ಕೂ ಒಂದೇ ಪ್ರಶ್ನೆ ನನ್ನ ತಲೆಯಲ್ಲಿತ್ತು. ಒಂದೇ ಒಂದು ಮಾತು ಹೇಳಿದ್ದರೆ ಅದೇ ಹೊತ್ತಿಗೆ ಗಾಡಿ ಕಳಿಸುತ್ತಿದ್ದೆ, ಕೇಂದ್ರ ನೋಡಲು ಬೇರೆಯವರನ್ನು ಕಳಿಸುತ್ತಿದ್ದೆ. ಕೂತು ಸ್ವಲ್ಪ ಹೊತ್ತಾದ ಮೇಲೆ ಯಾಕೆ ಹೇಳಲಿಲ್ಲ ಎಂದು ಕೇಳಿಯೇಬಿಟ್ಟೆ.

ಅವರು ನನ್ನ ಮುಖ ನೋಡಿ, ‘ಊಟ ಆಗೇತೇನ್ರಿ ಅಕ್ಕಾರ?’ ಎಂದರು.

ಮಧ್ಯಾಹ್ನ ಎರಡು ಗಂಟೆ. ಆಗೇತ್ರಿ ಎಂದೆ. ಖರೇನ ಎಂದು ಇನ್ನೊಮ್ಮೆ ಕೇಳಿದರು. ಖರೇನ ಎಂದೆ. ಅದಾದ ಮೇಲೆಯೇ ಅವರು ಬಾಯಿ ಬಿಟ್ಟದ್ದು.

‘ನಾಕ ದಿನಾ ಕೇಳಿದ್ನೆಲ್ರಿ. ನಿಮ್ಮ ಚಾ ಆಗಿರಲಿಲ್ಲ. ಹಸದ ಹೊಟ್ಟಿಯವರಿಗೆ ಇಂಥಾದ್ದ ಹೆಂಗ ಹೇಳೂದ್ರಿ? ನಮ್ಮ ಮನ್ಯಾಗ ಯಾರೂ ಹೇಳಂಗಿಲ್ಲ. ಆಮ್ಯಾಲ ಮತ್ತ ಫೋನ್ ಮಾಡೂಣಂದ್ರ, ಮಾಡಬ್ಯಾಡ್ರಿ ಅಂತ ನೀವ ಹೇಳಿದ್ರಿ.’ ಒಳಮನೆಯ ಕಡೆ ನೋಡಿ, ‘ಆಕೀನೂ ಅದನ್ನ ಅಂದ್ಲ್ರಿ. ಅಕ್ಕಾರ ಮೊದಲ ಚಾ ಕುಡೀಲಿ, ಆಮ್ಯಾಲ ಹೇಳ್ರಿ ಅಂದ್ಲು’ ಎಂದರು.

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಹೊಟ್ಟೆ ಹಿಡಿದುಕೊಂಡು ಮಲಗಿದ ಹೆಂಗಸು ನನ್ನ ಹೊಟ್ಟೆಯ ಚಿಂತೆ ಮಾಡಿದ್ದಳು. ನಾನು ಅಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಹೊರಡುವಾಗ ದೊಡ್ಡ ಮಗ ಒಂದು ಸಣ್ಣ ಡಬ್ಬಿ ತಂದು ಕೈಗಿಟ್ಟ. ಬೆಳ್ಳುಳ್ಳಿ ಹಾಕದ ಹಿಂಡಿ, ಹಿಂದಿನ ವಾರ ಕುಟ್ಟಿದ್ದು, ಇದನ್ನು ಮನೆಯಲ್ಲಿ ಬೇರೆ ಯಾರೂ ತಿನ್ನುವುದಿಲ್ಲ ಎಂದ.

ಮುಂದಿನ ಶನಿವಾರ ಬೋರ್ಡಿನ ಬಲಗಡೆ ಬರೆದದ್ದನ್ನು ಎಲ್ಲರೆದುರು ಒರೆಸಿದೆ. ಪಾಠ ಮಾಡಲಿಲ್ಲ. ನಿಮ್ಮ ನಿಮ್ಮ ಮನೆಗಳಲ್ಲಿ ಕೆಟ್ಟ ಸುದ್ದಿ ಹೇಗೆ ಹೇಳುತ್ತೀರಿ ಎಂದು ಮಾತ್ರ ಕೇಳಿದೆ. ಹುಕ್ಕೇರಿಯವರು ಮೊದಲು ಒಂದು ಲೋಟ ನೀರು ಕೊಡುತ್ತೇವೆ ಎಂದರು. ಉರ್ದು ಮಾತಾಡುವ ಗೋಕಾಕದ ಒಬ್ಬರು, ಸತ್ತರೂ ತಬಿಯತ್ತು ಸರಿಯಿಲ್ಲ ಅಂತಲೇ ಶುರು ಮಾಡುತ್ತೇವೆ ಎಂದರು. ನಾಗನೂರಿನವರು ಎದ್ದು ನಿಂತು, ಎಮ್ಮೆಯ ಸುದ್ದಿ ಹೇಳಿ ಮುಗಿಸಿದ ಮೇಲಷ್ಟೇ ತಮಗೆ ಮನೆಯ ಸುದ್ದಿ ಹೇಳಲು ಬರುತ್ತದೆ ಎಂದು ತಲೆ ತಗ್ಗಿಸಿದರು. ಇಷ್ಟು ವರ್ಷ ನಾನು ಇವರೆಲ್ಲರ ಬಾಯಿಯನ್ನು ಬಾಗಿಲಲ್ಲೇ ಮುಚ್ಚಿಸಿದ್ದೆ. ಒಬ್ಬೊಬ್ಬರ ಉತ್ತರವನ್ನೂ ಊರಿನ ಹೆಸರಿನ ಮುಂದೆ ಬರೆದಿಟ್ಟುಕೊಂಡೆ. ಆಮೇಲೆ ಎಷ್ಟೋ ಜನರ ಕಷ್ಟ ಹೊತ್ತಿಗೆ ಸರಿಯಾಗಿ ನನ್ನ ಕಿವಿಗೆ ಬಿತ್ತು, ಗಾಡಿ ಹೊತ್ತಿಗೆ ಹೋಯಿತು. ಧಣಿಗಳು ನನ್ನನ್ನು ಹೊಗಳಿದರು. ಹೊಗಳಿದಾಗಲೆಲ್ಲ ಎದ್ದು ಹೊರಗೆ ಹೋಗಬೇಕು ಅನ್ನಿಸುತ್ತಿತ್ತು.

ಇನ್ನೊಂದು ಕೆಲಸವನ್ನೂ ಮಾಡಿದೆ. ಅವ್ವನಿಗೆ ಹೇಳದೆ ನಿಯಮ ಮುರಿದೆ. ಏಳಕ್ಕೆ ಮೊದಲು, ದರ್ಶನಕ್ಕೂ ಮೊದಲು, ಆಫೀಸಿನ ಮೇಜಿನ ಮುಂದೆ ಕೂತು ಒಂದು ಕಪ್ ಚಹಾ ಕುಡಿಯತೊಡಗಿದೆ. ಮೊದಲ ದಿನವೇ ಬಸಿ ಬರಿದಾಗುವವರೆಗೆ ಕುಡಿದು ಮುಗಿಸಿದೆ.

ಕಾಕಾ ಹೆಂಡತಿಯ ದಿನಕರ್ಮ ಮುಗಿಸಿ ಕೇಂದ್ರಕ್ಕೆ ಬಂದ ದಿನ ಫೋನ್ ರಿಂಗಾಗುತ್ತಲೇ ಎತ್ತಿದೆ. ಅವರು ಕೇಳಿದರೆ ಹೇಳಬೇಕಾದ ಉತ್ತರ ನಾಲಿಗೆಯ ಮೇಲೆಯೇ ಇತ್ತು.

‘ತುಕ್ಕಾನಟ್ಟಿ. ನೂರಾ ಎಪ್ಪತ್ತ’ ಎಂದರು. ನಾನು ಬೋರ್ಡಿನ ಮೇಲೆ ಕಲಿಸಿದ ಹಾಗೆಯೇ, ಒಂದು ಮಾತು ಹೆಚ್ಚಿಲ್ಲ.

‘ಕಾಕಾ, ಇಡಬ್ಯಾಡ್ರಿ. ನನ್ನ ಚಾ ಆಗೇತ್ರಿ’ ಎಂದೆ.

ಆ ಕಡೆ ಹಾಲಿನ ಕ್ಯಾನುಗಳನ್ನು ಯಾರೋ ಎಳೆಯುವ ಸದ್ದು ಕೇಳಿಸಿತು.

‘ಚಲೋ ಆತ್ರಿ ಅಕ್ಕಾರ’ ಎಂದು ಫೋನ್ ಇಟ್ಟರು.

ಮೂಡಲಗಿ ಕಡೆಯ ಕೇಂದ್ರಗಳನ್ನು ನೋಡಿಕೊಳ್ಳಿ ಎಂದಾಗ ಕೈಮುಗಿದು ಬೇಡವೆಂದರು. ಅದಾದ ಮೇಲೂ ಮೂರು ವರ್ಷ ಪ್ರತಿ ಬೆಳಿಗ್ಗೆ ಫೋನ್ ಮಾಡಿದರು. ಮೂರು ವರ್ಷವೂ ನಾನು ಚಹಾ ಕುಡಿದೇ ಎತ್ತಿದೆ. ಅವರು ಮತ್ತೆ ಕೇಳಲಿಲ್ಲ.